ನಿರುಪದ್ರವವೆಂಬ ನಂಬಿಕೆಯ ಉಪದ್ರವ

ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿಯೂ ಖಾಡಿಯ ಆಚೆಯ ನವಿ ಮುಂಬಯಿಯಲ್ಲಿಯೂ ನೆಲೆಸಿರುವ ನಮ್ಮ ಕನ್ನಡಿಗರ ನಡುವೆ, ಮಂಡಿನೋವಿನ ಮಾತು ಬಂದಾಗಲೂ, ಸಕ್ಕರೆ ಕಾಯಿಲೆಯ ಮಾತು ಬಂದಾಗಲೂ, ಲಕ್ವ ಹೊಡೆದು ಮಲಗಿದವರ ಮಾತು ಬಂದಾಗಲೂ ತಪ್ಪದೆ ಕೇಳಿಬರುವ ಉಪದೇಶವೊಂದುಂಟು: ‘ಒಮ್ಮೆ ಪಾಯಿಂಟ್ ಒತ್ತಿಸಿಕೊಂಡು ನೋಡಿ, ಸೂಜಿ ಹಾಕಿಸಿಕೊಂಡು ನೋಡಿ, ಗುಣವಾದರೆ ಆಯಿತು, ಆಗದಿದ್ದರೆ ಸೈಡ್ ಎಫೆಕ್ಟ್ ಅಂತೂ ಇಲ್ಲವಲ್ಲ.’ ಹೀಗೆ ಹೇಳುವವರು ದುಷ್ಟರಲ್ಲ. ಬಹುಮಟ್ಟಿಗೆ ನೆರೆಯವರು, ಬಂಧುಗಳು, ರೋಗಿಯ ಸಂಕಟವನ್ನು ಕಂಡು ಮರುಗುವ ಸಹೃದಯರು. ಅವರ ಸೌಜನ್ಯದ ಮರೆಯಲ್ಲಿ ನಿಂತಿರುವುದರಿಂದಲೇ ಈ ಮಾತನ್ನು ಯಾರೂ ತಡೆದು ನಿಲ್ಲಿಸಿ ಪರೀಕ್ಷಿಸಿಲ್ಲ. ಸೂಜಿಯ ಮೇಲೆ ನನಗೆ ಹಗೆಯಿಲ್ಲ, ಚೀನ ದೇಶದ ಮೇಲೆ ಮೊದಲೇ ಇಲ್ಲ. ನಾನು ಖಂಡಿಸಹೊರಟಿರುವುದು, ಪ್ರಾಚೀನವೂ ಸಹಜವೂ ನಿರುಪದ್ರವವೂ ಆದ ಚಿಕಿತ್ಸೆಗೆ ಪ್ರಮಾಣವನ್ನು ಕೇಳಬೇಕಾಗಿಲ್ಲವೆಂಬ ಸುಖಾಸೀನ ನಂಬಿಕೆಯನ್ನು. ಏಕೆಂದರೆ ಈ ನಂಬಿಕೆಯಲ್ಲಿ ಸತ್ಯಾಂಶವು ಅತ್ಯಲ್ಪ, ಅದರಿಂದ ಆಗುತ್ತಿರುವ ಹಾನಿ ಅಲ್ಪವಲ್ಲ.

ಮೊದಲು ಪ್ರಾಚೀನತೆಯ ವಿಚಾರವನ್ನೇ ನೋಡೋಣ. ಸಾವಿರಾರು ವರ್ಷಗಳಿಂದ ಅಖಂಡವಾಗಿ ಹರಿದುಬಂದ ಒಂದೇ ಶಾಸ್ತ್ರವೆಂದು ನಮಗೆ ಹೇಳಲಾಗುತ್ತಿರುವ, ಸೂಜಿ ಚುಚ್ಚುವ ಅಕ್ಯುಪಂಕ್ಚರನ್ನೂ ಬಿಂದು ಒತ್ತುವ ಅಕ್ಯುಪ್ರೆಶರನ್ನೂ ಒಳಗೊಂಡ ಈ ಚೀನೀ ವೈದ್ಯವು, ಇಂದು ಪಠ್ಯಪುಸ್ತಕಗಳಲ್ಲಿ ಕಾಣುವ ರೂಪವನ್ನು ಪಡೆದದ್ದು 1950ರ ದಶಕದಲ್ಲಿ, ಹೊಸದಾಗಿ ಅಧಿಕಾರಕ್ಕೆ ಬಂದ ಸರಕಾರವು ಪರಸ್ಪರ ವಿರುದ್ಧವಾಗಿದ್ದ ನೂರಾರು ಪರಂಪರೆಗಳನ್ನು ಆಯ್ದು, ಸವರಿ, ಒಗ್ಗೂಡಿಸಿದಾಗ. ಅದಕ್ಕೂ ಮೊದಲು 1822ರಲ್ಲಿ ದಾವ್‌ಗ್ವಾಂಗ್ ಚಕ್ರವರ್ತಿಯ ಆಜ್ಞೆಯಂತೆ ಸೂಜಿ ಚಿಕಿತ್ಸೆಯು ಅರಮನೆಯ ವೈದ್ಯಸಂಸ್ಥೆಯಿಂದಲೇ ಹೊರಹಾಕಲ್ಪಟ್ಟಿತ್ತು. 1929ರಲ್ಲಿ ಅಲ್ಲಿನ ಗಣರಾಜ್ಯದ ಆರೋಗ್ಯ ಮಂಡಲಿಯ ಮುಂದೆ ಹಳೆಯ ವೈದ್ಯವನ್ನೇ ರದ್ದುಗೊಳಿಸಬೇಕೆಂಬ ಸೂಚನೆ ಬಂದಿತ್ತು. ಕಿವಿಯ ಮೇಲೆ ಸಕಲ ಅಂಗಾಂಗಗಳನ್ನೂ ಗುರುತಿಸುವ ನಕ್ಷೆಯು ಚೀನದ ಋಷಿಯೊಬ್ಬನ ದರ್ಶನವಲ್ಲ. 1950ರ ದಶಕದಲ್ಲಿ ಪಾಲ್ ನೋಜಿಯೇ ಎಂಬ ಫ್ರೆಂಚ್ ವೈದ್ಯನು ರಚಿಸಿದ್ದು. ಅಂಗೈಯಲ್ಲಿ ಇಡೀ ದೇಹವನ್ನು ಕಾಣಿಸಿ, ಬೆರಳಿಗೆ ಮೆಂತ್ಯದ ಕಾಳನ್ನು ಅಂಟುಪಟ್ಟಿಯಿಂದ ಕಟ್ಟಿ, ಸ್ಕೆಚ್ ಪೆನ್ನಿನಿಂದ ಬಣ್ಣದ ಚುಕ್ಕಿಯನ್ನಿಡುವ ‘ಸುಜೋಕ್’ ಪದ್ಧತಿಯು 1980ರ ದಶಕದಲ್ಲಿ ಕೊರಿಯದ ಪಾರ್ಕ್ ಜೇ ವೂ ಎಂಬವರು ಪ್ರಚಾರಕ್ಕೆ ತಂದದ್ದು. ಬೋರಿಬಂದರದಿಂದ ಹೊರಟ ಮೊದಲ ರೈಲುಗಾಡಿ ಠಾಣೆಗೆ ಬಂದದ್ದು 1853ರಲ್ಲಿ. ಡೊಂಬಿವಲಿಯ ಚಿಕಿತ್ಸಾಲಯದ ಗೋಡೆಯ ಮೇಲೆ ಪುರಾತನ ಜ್ಞಾನವೆಂದು ತೂಗುಹಾಕಿರುವ ಅಂಗೈಯ ಚಿತ್ರಪಟವು, ರೋಗಿಯನ್ನು ಅಲ್ಲಿಗೆ ಹೊತ್ತು ತಂದ ರೈಲುಹಾದಿಗಿಂತ ಶತಮಾನಕ್ಕೂ ಮಿಗಿಲಾಗಿ ಚಿಕ್ಕದು! ಇಷ್ಟರ ಮೇಲೆ, ನಿಜವಾಗಿಯೂ ಪ್ರಾಚೀನವೇ ಆಗಿದ್ದರೂ ಅದರಿಂದ ಸಿದ್ಧವಾಗುವುದೇನು? ರಕ್ತವನ್ನು ಹರಿಯಬಿಟ್ಟು ಜ್ವರವನ್ನು ಇಳಿಸುವ ಪದ್ಧತಿಯೂ ಯುರೋಪಿನಲ್ಲಿ ಸಾವಿರಾರು ವರ್ಷ ಬಾಳಿತು. ಆ ಅವಧಿಯುದ್ದಕ್ಕೂ ಅದು ಕೊಂದವರ ಸಂಖ್ಯೆಯನ್ನು ಬರೆದಿಟ್ಟವರಿಲ್ಲ.

ಮಹಾರಾಷ್ಟ್ರದಲ್ಲಿ ಈ ಪ್ರಾಚೀನತೆಯ ವಾದಕ್ಕೆ ದೇಶಭಕ್ತಿಯ ಇನ್ನೊಂದು ಎಳೆಯೂ ಹೆಣೆದುಕೊಂಡಿದೆ. ಕನ್ನಡ ಸೀಮೆಗೆ ತಾಗಿಕೊಂಡಿರುವ ಸೊಲ್ಲಾಪುರದಲ್ಲಿ 1910ರಲ್ಲಿ ಜನಿಸಿ, ಮುಂಬಯಿಯ ಜಿ. ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿ, 1938ರಲ್ಲಿ ಕಾಂಗ್ರೆಸ್ಸು ಚೀನಕ್ಕೆ ಕಳುಹಿಸಿದ ಐವರು ವೈದ್ಯರ ತಂಡದಲ್ಲಿ ಸೇರಿ, ಯುದ್ಧಭೂಮಿಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡುತ್ತ 1942ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ಅಲ್ಲಿಯೇ ಮಡಿದ ಡಾ. ದ್ವಾರಕಾನಾಥ ಕೋಟ್ಣೀಸರ ಹೆಸರು ನಮ್ಮ ದೇಶದಲ್ಲಿ ಅಕ್ಯುಪಂಕ್ಚರಿನ ಪ್ರಚಾರಕ್ಕೆ ಜೋಡಿಸಲ್ಪಟ್ಟಿದೆ. ಪೂಜ್ಯವಾದ ಹೆಸರು, ಆದರೆ ಅವರು ಅಲ್ಲಿ ಕೈಯಲ್ಲಿ ಹಿಡಿದಿದ್ದುದು ಶಸ್ತ್ರವೈದ್ಯನ ಕತ್ತಿಯನ್ನು. ಗುಂಡೇಟು ತಿಂದ ಸೈನಿಕನ ಹೊಟ್ಟೆಯನ್ನು ಸೀಳಿ, ಗುಂಡನ್ನು ಹೊರತೆಗೆದು, ಕೊಳೆತ ಮಾಂಸವನ್ನು ಕತ್ತರಿಸಿ, ಬೇನೆ ಹರಡದಂತೆ ತೊಳೆದು ಕಟ್ಟಿದವರು ಅವರು. ನಾರ್ಮನ್ ಬೆಥ್ಯೂನ್ ಎಂಬ ಕೆನಡದ ಶಸ್ತ್ರವೈದ್ಯರ ಹೆಸರಿನ ಆಸ್ಪತ್ರೆಯ ಹೊಣೆಯನ್ನು ಹೊತ್ತವರು. ಸೂಜಿ ಚಿಕಿತ್ಸೆಯನ್ನು ಭಾರತಕ್ಕೆ ತಂದವರು ಅದೇ ತಂಡದ ಮತ್ತೊಬ್ಬ ಸದಸ್ಯರಾದ ಡಾ. ಬಿಜಯ್ ಕುಮಾರ್ ಬಸು. ಅದೂ 1950ರ ದಶಕದ ಕೊನೆಯಲ್ಲಿ ಮತ್ತೊಮ್ಮೆ ಚೀನಕ್ಕೆ ಹೋಗಿ ಬಂದ ಮೇಲೆ, ಕಲಕತ್ತೆಗೆ. ಸತ್ತವನ ತ್ಯಾಗವನ್ನು ಅವನು ಮಾಡದ ಚಿಕಿತ್ಸೆಯ ಪ್ರಮಾಣಪತ್ರವನ್ನಾಗಿ ಬಳಸುವುದು ಆತನಿಗೂ ಗೌರವವಲ್ಲ, ರೋಗಿಗೂ ಉಪಕಾರವಲ್ಲ.

ಇದೇ ಬಗೆಯ ಇನ್ನೊಂದು ಕಥೆಯುಂಟು. ಪ್ರಜ್ಞಾವಂತ ರೋಗಿಯ ಹೊಟ್ಟೆಯನ್ನು ಬರಿಯ ಸೂಜಿಗಳ ಬಲದಿಂದ ನೋವಿಲ್ಲದೆ ಕೊಯ್ದರೆಂದು, 1971ರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಅವರ ಹೆಸರಿನಲ್ಲಿ ಹೇಳುವ ಕಥೆ. ರೆಸ್ಟನ್ ಸ್ವತಃ ಬರೆದದ್ದೇ ಬೇರೆ: ಪೀಕಿಂಗಿನ ಆಸ್ಪತ್ರೆಯಲ್ಲಿ ಚೀನೀ ಶಸ್ತ್ರವೈದ್ಯರು ಮರಗಟ್ಟಿಸುವ ಔಷಧಗಳನ್ನು ಚುಚ್ಚಿಯೇ ಅವರ ಅಪೆಂಡಿಕ್ಸನ್ನು ಕತ್ತರಿಸಿ ತೆಗೆದರು, ಸೂಜಿಯೂ ಮೂಲಿಕೆಯ ಶಾಖವೂ ಬಂದದ್ದು ಅನಂತರ, ಹೊಟ್ಟೆಯುಬ್ಬರದ ಶಮನಕ್ಕಾಗಿ. ಚೀನದ ವೈದ್ಯರೇ ಆ ರೋಗಿಯ ಪ್ರಾಣವನ್ನು ಸೂಜಿಗೆ ಒಪ್ಪಿಸಲಿಲ್ಲವೆಂದ ಮೇಲೆ, ಕಲ್ಯಾಣದ ಓಣಿಯೊಂದರಲ್ಲಿ ಕುಳಿತವರು ನಮ್ಮ ತಾಯಿಯ ಹೃದ್ರೋಗವನ್ನು ಸೂಜಿಗೆ ಒಪ್ಪಿಸಿರೆಂದು ಹೇಳುವ ಧೈರ್ಯವನ್ನು ಎಲ್ಲಿಂದ ತಂದರು?

‘ಆದರೆ ನೋವು ಕಡಿಮೆಯಾಗುತ್ತದಲ್ಲ’ ಎನ್ನುವವರಿಗೆ ಉತ್ತರವನ್ನು ಸಾವಧಾನವಾಗಿ ಕೊಡಬೇಕು. ಖಂಡನದ ಮುಖ್ಯ ಭಾಗವೇ ಇದು. ಜರ್ಮನಿಯಲ್ಲಿ ದೀರ್ಘಕಾಲದ ಸೊಂಟನೋವಿನಿಂದ ನರಳುತ್ತಿದ್ದ 1162 ರೋಗಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ ನಡೆಸಿದ ಪರೀಕ್ಷೆಯ ಫಲಿತಾಂಶವು 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಚೀನೀ ಶಾಸ್ತ್ರವು ವಿಧಿಸಿದ ಬಿಂದುಗಳಲ್ಲಿ, ವಿಧಿಸಿದ ಆಳಕ್ಕೆ ಸೂಜಿಯನ್ನು ಹಾಕಲಾಯಿತು. ಎರಡನೆಯ ಗುಂಪಿಗೆ ಶಾಸ್ತ್ರದಲ್ಲಿ ಯಾವ ಬಿಂದುವೂ ಇಲ್ಲದ ಎಡೆಗಳಲ್ಲಿ, ಚರ್ಮದ ಮೇಲ್ಪದರಕ್ಕೆ ಮಾತ್ರ ತಗಲುವಂತೆ ಸೂಜಿಯನ್ನು ಹಾಕಲಾಯಿತು. ಮೂರನೆಯ ಗುಂಪಿಗೆ ಎಂದಿನ ಔಷಧ, ವ್ಯಾಯಾಮ, ಫಿಸಿಯೋಥೆರಪಿಗಳು. ಆರು ತಿಂಗಳ ಬಳಿಕ ನೋಡಿದರೆ, ಶಾಸ್ತ್ರೋಕ್ತ ಸೂಜಿಯ ಗುಂಪಿನಲ್ಲಿ ಶೇ. 47.6 ಮಂದಿಗೆ ಸುಧಾರಣೆ. ಅಶಾಸ್ತ್ರೀಯ ಸೂಜಿಯ ಗುಂಪಿನಲ್ಲಿ ಶೇ. 44.2 ಮಂದಿಗೆ, ಮೂರನೆಯದರಲ್ಲಿ ಶೇ. 27.4 ಮಂದಿಗೆ. ಸೂಜಿ ಚಿಕಿತ್ಸೆಯ ಪಕ್ಷಪಾತಿಗಳು ಮೊದಲನೆಯ ಅಂಕಿಯನ್ನೂ ಕೊನೆಯ ಅಂಕಿಯನ್ನೂ ಅಕ್ಕಪಕ್ಕದಲ್ಲಿಟ್ಟು ಗೆದ್ದೆವೆನ್ನುತ್ತಾರೆ. ನಡುವಣ ಅಂಕಿಯ ಮೇಲೆ ಬೆರಳಿಟ್ಟು ಕೇಳಬೇಕಾದದ್ದು ಇಷ್ಟು: ಬಿಂದುವಿನಲ್ಲಿ ಚುಚ್ಚಿದರೂ, ಬಿಂದುವಲ್ಲದ ಕಡೆ ಚುಚ್ಚಿದರೂ ಫಲವು ಹೆಚ್ಚುಕಡಿಮೆ ಒಂದೇ ಎಂದಾದರೆ, ‘ಚಿ’ ಎಂಬ ಪ್ರಾಣಶಕ್ತಿಯು ಹರಿಯುವುದೆನ್ನಲಾದ ನಾಡಿಪಥಗಳ ಗತಿಯೇನು? ಮುನ್ನೂರಕ್ಕೂ ಮಿಗಿಲಾದ ಬಿಂದುಗಳ ಕಂಠಪಾಠಕ್ಕೆ ಅರ್ಥವೇನು? ಯಾವ ಜ್ಞಾನದ ಬೆಲೆಯೆಂದು ಪ್ರತಿಯೊಂದು ಸಿಟ್ಟಿಂಗಿಗೂ ಹಣವನ್ನು ಪಡೆಯುತ್ತಿದ್ದಾರೋ ಆ ಜ್ಞಾನವೇ ಫಲಿತಾಂಶದಲ್ಲಿ ಕಾಣದಿದ್ದರೆ, ರೋಗಿಯು ಕೊಂಡದ್ದೇನನ್ನು?

ಆತನು ಕೊಂಡದ್ದು, ನನ್ನ ತಿಳಿವಿನ ಮಟ್ಟಿಗೆ, ಅರ್ಧ ಗಂಟೆಯ ವಿಶ್ರಾಂತಿಯನ್ನು, ಮೈಮುಟ್ಟಿ ವಿಚಾರಿಸುವ ಒಂದು ಕೈಯನ್ನು, ಗುಣವಾದೀತೆಂಬ ನಿರೀಕ್ಷೆಯನ್ನು. ಮುಂಜಾನೆ ಐದಕ್ಕೆ ದೋಸೆಯ ಕಾವಲಿಯ ಮುಂದೆ ನಿಂತು ರಾತ್ರಿ ಹನ್ನೊಂದಕ್ಕೆ ಕಾಲು ಚಾಚುವ ಹೋಟೆಲಿನ ಹುಡುಗನಿಗೆ, ಕಲ್ಯಾಣದಿಂದ ಫೋರ್ಟಿಗೆ ಜೋತಾಡಿಕೊಂಡು ಹೋಗಿಬಂದ ಗುಮಾಸ್ತನಿಗೆ, ಆ ಅರ್ಧ ಗಂಟೆಯು ಎಂಥ ವಸ್ತುವೆಂಬುದನ್ನು ನಾನು ಬಲ್ಲೆ. ಸೊಂಟ ಮುರಿಯುವಂಥ ದುಡಿಮೆಯಿಂದ ಬಂದ ನೋವು ಸುಳ್ಳಲ್ಲ. ಅದು ತಗ್ಗಿತೆಂಬ ಅವನ ಮಾತೂ ಸುಳ್ಳಲ್ಲ. ಆಪರೇಷನ್ನಿನ ಅನಂತರದ ವಾಂತಿಯನ್ನು ಮಣಿಕಟ್ಟಿನ ಬಳಿಯ ಬಿಂದುವೊಂದರ ಉತ್ತೇಜನದಿಂದ ತಗ್ಗಿಸಬಹುದೆಂಬುದಕ್ಕೆ ಪರೀಕ್ಷೆಗಳ ಆಧಾರವೂ ಉಂಟು. ಆದರೆ ವಾಂತಿಯ ಮೇಲಿನ ಈ ಅಲ್ಪ ಆಧಾರದಿಂದ ಮಧುಮೇಹಕ್ಕೆ, ರಕ್ತದೊತ್ತಡಕ್ಕೆ, ಮೂತ್ರಪಿಂಡದ ಕಲ್ಲಿಗೆ, ಬಂಜೆತನಕ್ಕೆ, ಕಿವುಡಿಗೆ, ಅರ್ಬುದಕ್ಕೆ ಹಾರುವ ಫಲಕಗಳನ್ನು ಬರೆದವರಾರು? ನೋವೆಂಬುದು ಮನಸ್ಸಿನ ಭರವಸೆಗೆ ಕಿವಿಗೊಡುತ್ತದೆ. ಮೊಲೆಯಲ್ಲಿ ಬೆಳೆಯುವ ಗಂಟು ಕಿವಿಗೊಡುವುದಿಲ್ಲ.

ಇನ್ನು ‘ಕೇಡಂತೂ ಇಲ್ಲ’ ಎಂಬ ಆಧಾರಸ್ತಂಭವನ್ನು, ಮೊದಲು ಅದೇ ಚೀನೀ ವೈದ್ಯದ ಮೂಲಿಕೆಗಳಲ್ಲಿ, ನೋಡೋಣ. 1990ರ ಬಳಿಕ ಬೆಲ್ಜಿಯಮ್ಮಿನ ಬ್ರಸೆಲ್ಸ್ ನಗರದ ಚಿಕಿತ್ಸಾಲಯವೊಂದರಲ್ಲಿ, ಮೈ ತೆಳ್ಳಗಾಗಲೆಂದು ಬಂದ ಸ್ತ್ರೀಯರಿಗೆ ಕೊಡುತ್ತಿದ್ದ ಗುಳಿಗೆಗಳಲ್ಲಿ ಚೀನೀ ಮೂಲಿಕೆಗಳನ್ನು ಸೇರಿಸಲಾಯಿತು. ಫಾಂಗ್‌ಜಿ ಎಂಬ ಬೇರಿನ ಬದಲಾಗಿ ಹೆಸರಿನಲ್ಲಿ ಅದನ್ನೇ ಹೋಲುವ ಅರಿಸ್ಟೊಲೋಕಿಯ ಜಾತಿಯ ಬೇರು ಅದರಲ್ಲಿ ಬೆರೆತಿತ್ತು. ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡಗಳು ಕೆಟ್ಟವು. ಹಲವರು ಡಯಾಲಿಸಿಸ್ ಯಂತ್ರಕ್ಕೆ ಕಟ್ಟುಬಿದ್ದರು. ಮುಂದೆ ಅವರಲ್ಲಿ ಮೂತ್ರಪಿಂಡಗಳನ್ನೂ ಮೂತ್ರನಾಳಗಳನ್ನೂ ತೆಗೆಸಿಕೊಂಡ 39 ಮಂದಿಯನ್ನು ಪರೀಕ್ಷಿಸಿದಾಗ 18 ಮಂದಿಯಲ್ಲಿ ಅರ್ಬುದವು ಕಂಡಿತೆಂದು 2000ದಲ್ಲಿ ವರದಿಯಾಯಿತು. ಆ ಬೇರಿನ ಅರಿಸ್ಟೊಲೋಕಿಕ್ ಆಮ್ಲವು ಮನುಷ್ಯನಿಗೆ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು ನಿರ್ಣಯಿಸಿದೆ. ಇದು ದೂರದೇಶದ ಮಾತೆಂದು ನೆಮ್ಮದಿಗೊಳ್ಳುವ ಹಾಗೂ ಇಲ್ಲ. ನಮ್ಮ ಊರುಗಳಲ್ಲಿ ಹಾವಿನ ವಿಷಕ್ಕೆ ಮದ್ದೆಂದು ಇಟ್ಟುಕೊಂಡು ಬಂದಿರುವ ಈಶ್ವರಿ ಬೇರು ಅದೇ ಕುಲದ ಬಳ್ಳಿಯದು, ಅದೇ ಆಮ್ಲವನ್ನು ಒಳಗೊಂಡಿರುವುದು. ಸಹಜವಾದುದೆಲ್ಲ ಸೌಮ್ಯವೆಂಬ ನಮ್ಮ ಪಾಠವನ್ನು ನಿಸರ್ಗವು ಯಾವಾಗ ಒಪ್ಪಿಕೊಂಡಿತು?

ಸೂಜಿಯ ಕಥೆಯೂ ಬೇರೆಯಲ್ಲ. ಎದೆಯ ಮೇಲೆ, ಭುಜದ ಮೇಲೆ ಅಂಗರಚನೆಯನ್ನರಿಯದೆ ಆಳಕ್ಕಿಳಿದ ಸೂಜಿಯು ಶ್ವಾಸಕೋಶವನ್ನು ತೂತುಮಾಡಿದ ಪ್ರಸಂಗಗಳು ವೈದ್ಯಕೀಯ ಸಾಹಿತ್ಯದಲ್ಲಿ ಮತ್ತೆ ಮತ್ತೆ ದಾಖಲಾಗಿವೆ. 1984ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ಒಂದೇ ಚಿಕಿತ್ಸಾಲಯದ ಸೂಜಿಗಳಿಂದ 35 ಮಂದಿಗೆ ಹೆಪಟೈಟಿಸ್ ಬಿ ತಗಲಿತು. ನಮ್ಮಲ್ಲಿ ಇಂಥವು ನಡೆದಿಲ್ಲವೆಂದು ಹೇಳುವವರು, ನಡೆದರೆ ಬರೆದಿಡುವ ಪುಸ್ತಕವೆಲ್ಲಿದೆಯೆಂಬುದನ್ನು ಮೊದಲು ತೋರಿಸಲಿ. ಲೆಕ್ಕವನ್ನಿಡದ ಕಡೆ ಹಾನಿಯಿಲ್ಲವೆಂಬುದು ಯಾವ ಬಗೆಯ ಸಾಕ್ಷ್ಯ?

ಇವೆಲ್ಲಕ್ಕಿಂತ ದೊಡ್ಡದಾದ ಹಾನಿಯೊಂದುಂಟು. ಅದು ಸೂಜಿಯ ಮೊನೆಯಲ್ಲಿಲ್ಲ, ಕಳೆದುಹೋದ ದಿನಗಳಲ್ಲಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಇನ್ನೂ ಹರಡದಿದ್ದ, ಗುಣಪಡಿಸಬಹುದಾಗಿದ್ದ ಅರ್ಬುದಗಳಿಗೆ ಆಸ್ಪತ್ರೆಯ ಚಿಕಿತ್ಸೆಯನ್ನು ಬಿಟ್ಟು ಪರ್ಯಾಯ ಚಿಕಿತ್ಸೆಯನ್ನೇ ನಂಬಿದವರಲ್ಲಿ ಮರಣದ ಸಂಭವವು ಎರಡೂವರೆ ಪಟ್ಟು. ಸ್ತನದ ಅರ್ಬುದದಲ್ಲಂತೂ ಐದು ಪಟ್ಟಿಗೂ ಹೆಚ್ಚು. ಟಾಟಾ ಸ್ಮಾರಕ ಕೇಂದ್ರದ ಅರ್ಬುದ ಸಂಸ್ಥೆಯಾದ ಆ್ಯಕ್ಟ್ರೆಕ್ ನವಿ ಮುಂಬಯಿಯ ಖಾರ್ಘರದಲ್ಲಿಯೇ ಇದೆ. ದೇಶದ ಮೂಲೆಮೂಲೆಗಳಿಂದ ಜನರು ನೆಲವನ್ನು ಮಾರಿ ಈ ಬಾಗಿಲಿಗೆ ಬರುತ್ತಾರೆ. ಆ ಬಾಗಿಲಿನಿಂದ ರಿಕ್ಷಾದ ದೂರದಲ್ಲಿ ವಾಸಿಸುವ ಹೆಂಗಸೊಬ್ಬಳು ‘ಮೊದಲು ಹತ್ತು ಸಿಟ್ಟಿಂಗ್ ಮುಗಿಯಲಿ’ ಎಂಬ ಮಾತನ್ನು ನಂಬಿ ತಿಂಗಳುಗಳನ್ನು ಕಳೆದರೆ, ಆ ತಿಂಗಳುಗಳನ್ನು ಅವಳಿಗೆ ಹಿಂದಿರುಗಿಸುವ ಶಕ್ತಿ ಯಾವ ಬಿಂದುವಿನಲ್ಲಿದೆ? ಇನ್ಸುಲಿನ್ನನ್ನು ಅವಲಂಬಿಸಿ ಬದುಕಿರುವ ಬಾಲಕನಿಗೆ ಅದನ್ನು ನಿಲ್ಲಿಸಿದರೆ ರಕ್ತವು ಆಮ್ಲವಾಗಿ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರುತ್ತದೆ. ಮಧುಮೇಹದಿಂದ ಸ್ಪರ್ಶಜ್ಞಾನವನ್ನು ಕಳೆದುಕೊಂಡ ಪಾದಕ್ಕೆ, ಗಾಯವಾದದ್ದೂ ತಿಳಿಯದ ಆ ಪಾದಕ್ಕೆ, ಸೂಜಿಯನ್ನು ಚುಚ್ಚುವುದು, ಮುಳ್ಳುಮುಳ್ಳಾದ ಅಕ್ಯುಪ್ರೆಶರ್ ಚಪ್ಪಲಿಯನ್ನು ತೊಡಿಸುವುದು ಯಾವ ನ್ಯಾಯದಿಂದ ನಿರುಪದ್ರವ?

ಇಲ್ಲಿ ಸರಕಾರದ ಮೇಲೆ ನನ್ನ ಆರೋಪವನ್ನು ಹೊರಿಸಬೇಕು. ಕೇಂದ್ರ ಆರೋಗ್ಯ ಸಚಿವಾಲಯವು 2003ರ ನವೆಂಬರಿನ ತನ್ನ ಆದೇಶದಲ್ಲಿ ಅಕ್ಯುಪಂಕ್ಚರನ್ನು ಒಂದು ಚಿಕಿತ್ಸಾವಿಧಾನವೆಂದು ಮಾತ್ರ ಒಪ್ಪಿ, ಅಯಸ್ಕಾಂತ ಚಿಕಿತ್ಸೆ, ರೇಕಿ, ರತ್ನ ಚಿಕಿತ್ಸೆ ಮೊದಲಾದವುಗಳಿಗೆ ಮಾನ್ಯತೆಯನ್ನು ನಿರಾಕರಿಸಿತು. ಮಹಾರಾಷ್ಟ್ರವು 2015ರ ಅಕ್ಯುಪಂಕ್ಚರ್ ಚಿಕಿತ್ಸಾ ಪದ್ಧತಿ ಕಾಯಿದೆಯ ಮೂಲಕ, ಈ ಚಿಕಿತ್ಸೆಗೆ ಪ್ರತ್ಯೇಕ ಶಾಸನವನ್ನು ಮಾಡಿ, ಅದಕ್ಕೊಂದು ಪರಿಷತ್ತನ್ನೂ ಚಿಕಿತ್ಸಕರ ನೋಂದಣಿಯನ್ನೂ ವಿಧಿಸಿತು. ನಿಯಂತ್ರಣವು ಒಳ್ಳೆಯದೇ. ಆದರೆ ಚಿಕಿತ್ಸಕನು ನಿಗದಿತ ಪಾಠವನ್ನು ಓದಿದ್ದಾನೆಂಬುದಕ್ಕೆ ನೋಂದಣಿಯು ಸಾಕ್ಷಿಯಾಗಬಲ್ಲುದೇ ಹೊರತು, ಆ ಪಾಠವು ನಿಜವೆಂಬುದಕ್ಕೆ ಅಲ್ಲ. ಗೋಡೆಯ ಮೇಲೆ ಸರಕಾರದ ಮುದ್ರೆಯುಳ್ಳ ಕಾಗದವನ್ನು ಕಂಡ ಸಾಮಾನ್ಯನು ಈ ಭೇದವನ್ನು ಹೇಗೆ ತಿಳಿದಾನು? ಮಾನ್ಯತೆ ಪಡೆದ ಸೂಜಿಯ ಪಕ್ಕದಲ್ಲಿಯೇ, ಮಾನ್ಯತೆ ನಿರಾಕರಿಸಲ್ಪಟ್ಟ ಅಯಸ್ಕಾಂತವನ್ನು ಅದೇ ಕೋಣೆಯಲ್ಲಿ, ಅದೇ ಕೈ ಮೈಗಂಟಿಸಿದರೆ ತಡೆಯುವವರಾರು? 1954ರಷ್ಟು ಹಿಂದೆಯೇ ಮಧುಮೇಹ, ಅರ್ಬುದ, ಲಕ್ವ ಮೊದಲಾದ ವ್ಯಾಧಿಗಳನ್ನು ಗುಣಪಡಿಸುತ್ತೇವೆಂಬ ಔಷಧಗಳ ಮತ್ತು ಮಾಂತ್ರಿಕ ಉಪಾಯಗಳ ಜಾಹೀರಾತನ್ನು ನಿಷೇಧಿಸುವ ಕಾಯಿದೆಯನ್ನು ಈ ದೇಶವು ಮಾಡಿಕೊಂಡಿದೆ. ಔಷಧಕ್ಕೂ ತಾಯಿತಕ್ಕೂ ಹಾಕಿದ ಅಂಕೆಯನ್ನು ಸೂಜಿಗೂ ಒತ್ತುವ ಬೆರಳಿಗೂ ಹೆಸರು ಹೇಳಿಯೇ ವಿಸ್ತರಿಸಲು ಎಪ್ಪತ್ತು ವರ್ಷಗಳು ಸಾಲದಾದವೇ?

ಚೀನದ ಪರಂಪರೆಯಲ್ಲಿ ಸತ್ತ್ವವೇ ಇಲ್ಲವೇ ಎಂದು ಕೇಳುವವರಿಗೆ, ಇದೆ ಎಂದೇ ನನ್ನ ಉತ್ತರ. ಆದರೆ ಅದು ಹೇಗೆ ದೊರಕಿತೆಂಬುದನ್ನು ಅವರು ಕೇಳಿಸಿಕೊಳ್ಳಬೇಕು. 1967ರಲ್ಲಿ ಮಲೇರಿಯಾ ಮದ್ದಿಗಾಗಿ ಆರಂಭವಾದ ಚೀನದ ಯೋಜನೆಯಲ್ಲಿ ದುಡಿದ ತು ಯೂಯೂ ಎಂಬ ವಿಜ್ಞಾನಿಯು, ನಾಲ್ಕನೆಯ ಶತಮಾನದ ಗ ಹೋಂಗ್‌ನ ಗ್ರಂಥದಲ್ಲಿ ಚಿಂಗ್‌ಹಾವ್ ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಬೇಕೆಂದಿರುವುದನ್ನು ಓದಿ, ಕುದಿಸಿದರೆ ಸತ್ತ್ವವು ನಾಶವಾಗುತ್ತಿರಬಹುದೆಂದು ಊಹಿಸಿ, ಕಡಿಮೆ ಶಾಖದಲ್ಲಿ ಈಥರಿನಿಂದ ರಸವನ್ನು ತೆಗೆದು, ಇಲಿಗಳ ಮೇಲೆ ಪರೀಕ್ಷಿಸಿ, 1972ರಲ್ಲಿ ರೋಗಿಗಳಿಗೆ ಕೊಡುವ ಮೊದಲು ತಾವೇ ಸೇವಿಸಿ ನೋಡಿದರು. ಆರ್ಟಿಮಿಸಿನಿನ್ ಎಂಬ ಆ ಮದ್ದಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿಯು ಸಂದಿತು. ಇಂದು ನವಿ ಮುಂಬಯಿಯ ಕಟ್ಟಡ ಕಾಮಗಾರಿಯಲ್ಲಿ ದುಡಿಯುವ ಬಾಗಲಕೋಟೆಯ ಕೂಲಿಯವನಿಗೆ ಫಾಲ್ಸಿಪಾರಮ್ ಮಲೇರಿಯಾ ತಗಲಿದರೆ ಅವನನ್ನು ಉಳಿಸುವುದು ಆ ಸೊಪ್ಪಿನ ಸತ್ತ್ವವೇ. ಪೂರ್ವಜರನ್ನು ನಂಬಿದ್ದಕ್ಕಾಗಿ ಅದು ದೊರಕಲಿಲ್ಲ. ನೂರಾರು ಹಳೆಯ ಪಾಕಗಳನ್ನು ಒರೆಗೆ ಹಚ್ಚಿ, ಸೋತವುಗಳನ್ನು ನಿರ್ದಾಕ್ಷಿಣ್ಯವಾಗಿ ಎಸೆದದ್ದಕ್ಕಾಗಿ ದೊರಕಿತು. ನಮ್ಮ ಸೂಜಿಪಂಡಿತರು ತು ಯೂಯೂ ಅವರ ಹೆಸರನ್ನು ಹೇಳುವುದಾದರೆ ಅವರ ಶಿಸ್ತನ್ನೂ ಹೊರಲಿ: ಯಾವ ಬಿಂದುವನ್ನು, ಯಾವ ರೋಗದಲ್ಲಿ, ಎಷ್ಟು ರೋಗಿಗಳಲ್ಲಿ ಸೋತದ್ದರಿಂದ ಕೈಬಿಟ್ಟೆವೆಂದು ಒಂದನ್ನಾದರೂ ತೋರಿಸಲಿ.

ಆಸ್ಪತ್ರೆಗಳ ವೈದ್ಯರನ್ನು ಬಿಟ್ಟುಬಿಟ್ಟರೆ ಈ ಖಂಡನವು ಅನ್ಯಾಯವಾದೀತು. ಮೂರು ಗಂಟೆ ಸಾಲಿನಲ್ಲಿ ನಿಂತ ಮುದುಕಿಯನ್ನು ಮುಖವೆತ್ತಿಯೂ ನೋಡದೆ ಚೀಟಿಯನ್ನು ಬರೆದು ಕಳುಹಿಸುವ ಡಾಕ್ಟರರು, ‘ಇದು ವಯಸ್ಸಿನ ನೋವು, ಸಹಿಸಿಕೊಳ್ಳಿ’ ಎಂದು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿ ಮುಗಿಸುವ ಡಾಕ್ಟರರು, ಆ ಮುದುಕಿಯನ್ನು ಕೈಹಿಡಿದು ಸೂಜಿಯವನ ಬಾಗಿಲಿಗೆ ಒಯ್ದವರೇ ಆಗಿದ್ದಾರೆ. ನಾಲ್ಕು ಮಾತನ್ನು ಅವಳ ಭಾಷೆಯಲ್ಲಿ ಕೇಳುವವರು ಅಲ್ಲಿದ್ದಾರೆ, ಇಲ್ಲಿರಲಿಲ್ಲ. ಕಳವೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆಯಲ್ಲಿ, ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆಯಲ್ಲಿ, ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆಯಲ್ಲಿ, ವಾಶಿಯ ನಗರಪಾಲಿಕೆಯ ಆಸ್ಪತ್ರೆಯಲ್ಲಿ ನೋವಿಗೆಂದೇ ಮೀಸಲಾದ, ಫಿಸಿಯೋಥೆರಪಿಯುಳ್ಳ, ಕೂತು ಕೇಳುವ ವ್ಯವಧಾನವುಳ್ಳ ಹೊರರೋಗಿ ವಿಭಾಗವು ದುಡಿಯುವವರಿಗೆ ಒದಗುವ ಸಂಜೆಯ ಹೊತ್ತಿನಲ್ಲಿ ತೆರೆದಿರಲಿ ಎಂದು ಕೇಳುವುದು ನಮ್ಮ ಹಕ್ಕು. ಸೂಜಿಯ ಭ್ರಾಂತಿಯನ್ನು ಬೈಯುವುದಕ್ಕಿಂತ ಅದು ಹೆಚ್ಚು ಬೇಗ ಕೆಲಸ ಮಾಡುವುದು.

ರಾಜ್ಯ ಸರಕಾರವು ಮಾಡಬೇಕಾದದ್ದು ಸ್ಪಷ್ಟವಾಗಿದೆ. ನೋಂದಣಿ ಪಡೆದ ಪ್ರತಿಯೊಬ್ಬ ಸೂಜಿ ಚಿಕಿತ್ಸಕನೂ, ರೋಗವೇನೆಂದು ಅರ್ಹ ವೈದ್ಯನು ಬರೆದುಕೊಟ್ಟ ಕಾಗದವಿಲ್ಲದೆ ರೋಗಿಯನ್ನು ಮುಟ್ಟಕೂಡದೆಂದು ವಿಧಿಸಲಿ. ಒಮ್ಮೆ ಬಳಸಿದ ಸೂಜಿಯು ಎರಡನೆಯ ಮೈಯನ್ನು ಕಾಣದಂತೆ, ಜೈವಿಕ ತ್ಯಾಜ್ಯದ ನಿಯಮಗಳ ಮೇರೆಗೆ ನಾಲ್ಕೂ ನಗರಗಳ ಪಾಲಿಕೆಗಳು ಮುನ್ಸೂಚನೆಯಿಲ್ಲದೆ ತಪಾಸಣೆ ನಡೆಸಲಿ. ಆದ ಹಾನಿಯನ್ನು ಬರೆದಿಡುವ ಪುಸ್ತಕವನ್ನು ಪರಿಷತ್ತು ತೆರೆದು, ಪ್ರತಿವರ್ಷ ಜನರ ಮುಂದಿಡಲಿ. ವೈದ್ಯನು ಕೊಟ್ಟ ಮದ್ದನ್ನು ನಿಲ್ಲಿಸೆಂದು ಹೇಳಿದವನ ನೋಂದಣಿಯು ಅದೇ ದಿನ ರದ್ದಾಗಲಿ. ಸುಳ್ಳು ಫಲಕಗಳನ್ನು ಇಳಿಸುವ ಅಧಿಕಾರವು ವಾರ್ಡ್ ಕಚೇರಿಗೇ ಇರಲಿ.

ನಮ್ಮ ಕೈಯಳತೆಯಲ್ಲಿಯೇ ಇರುವ ಕೆಲಸಕ್ಕೆ ಕಾಯಿದೆಯೂ ಬೇಕಾಗಿಲ್ಲ. ಕನ್ನಡ ಸಂಘಗಳೂ ಜಾತಿಸಮಾಜಗಳೂ ಭಜನಾ ಮಂಡಳಿಗಳೂ ವರ್ಷಕ್ಕೊಮ್ಮೆ ನಡೆಸುವ ಉಚಿತ ಆರೋಗ್ಯ ಶಿಬಿರಗಳಲ್ಲಿ, ರಕ್ತದೊತ್ತಡದ ಮೇಜಿನ ಪಕ್ಕದಲ್ಲಿ ಅಕ್ಯುಪ್ರೆಶರಿನ ಮೇಜನ್ನೂ ಹಾಕುವ ವಾಡಿಕೆಯಿಂದ, ಎರಡೂ ಸಮಾನವೆಂಬ ತಪ್ಪು ಪಾಠವನ್ನು ನಾವೇ ನಮ್ಮ ಹಿರಿಯರಿಗೆ ಕಲಿಸುತ್ತಿದ್ದೇವೆ. ಆ ಮೇಜನ್ನು ತೆಗೆದು, ಅಲ್ಲಿ ಕನ್ನಡ ಬಲ್ಲ ಫಿಸಿಯೋಥೆರಪಿಸ್ಟರೊಬ್ಬರನ್ನೂ, ಸ್ತನಪರೀಕ್ಷೆಯನ್ನು ಕಲಿಸುವ ನರ್ಸಮ್ಮನೊಬ್ಬರನ್ನೂ ಕೂರಿಸಲು ಕಾರ್ಯಕಾರಿ ಸಮಿತಿಯ ಒಂದು ಠರಾವು ಸಾಕು. ಈ ವರ್ಷದ ಶಿಬಿರಕ್ಕೆ ಮೊದಲೇ ಆ ಠರಾವು ಆಗಲಿ; ಮತ್ತು ಇನ್ಸುಲಿನ್ ನಿಲ್ಲಿಸಿ ಬನ್ನಿ ಎಂದವನು ಎಷ್ಟೇ ದೊಡ್ಡ ದಾನಿಯಾಗಿರಲಿ, ನಮ್ಮ ಸಂಘದ ವೇದಿಕೆಯ ಮೈಕು ಅವನ ಕೈಗೆ ಸಿಗಕೂಡದು.